ತುರ್ಕಿ ಜೀನಿನ ಮೇಲೊಂದು ಗಡ್ಡೆ

ಉರ್ದು ಮಾತಾಡುವ ನಮ್ಮ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಎರಡು ಪದಗಳು ಜೋಡಿಯಾಗಿ ಕೇಳಿಬರುತ್ತವೆ: ನಜ್ಲಾ ಮತ್ತು ಜುಕಾಮ್. ಕನ್ನಡದಲ್ಲಿ ನಾವು ಎರಡಕ್ಕೂ ನೆಗಡಿ ಎಂದೇ ಹೇಳಿ ಮುಗಿಸುತ್ತೇವೆ. ಹಕೀಮರಿಗೆ ಮಾತ್ರ ಅವೆರಡೂ ಬೇರೆ ಬೇರೆ. ತಲೆಯಿಂದ ಗಂಟಲಿಗೆ ಇಳಿದರೆ ನಜ್ಲಾ, ಮೂಗಿಗೆ ಇಳಿದರೆ ಜುಕಾಮ್. ನಜ್ಲಾ ಎಂಬ ಅರಬಿ ಪದದ ಮೂಲದಲ್ಲೇ ‘ಇಳಿಯುವುದು’ ಎಂಬ ಅರ್ಥವಿದೆ. ಇಳಿಯುವುದು ಏನು? ಬಲ್ಗಮ್, ಅಂದರೆ ಕಫ. ಎಲ್ಲಿಂದ? ಮಿದುಳಿನಿಂದ. ಗ್ರೀಕ್ ವೈದ್ಯ ಗ್ಯಾಲನ್ ಹಾಗೆ ನಂಬಿದ್ದ. ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಅದನ್ನೇ ಮುಂದುವರಿಸಿದರು. 1543ರಲ್ಲಿ ಮನುಷ್ಯ ದೇಹದ ರಚನೆಯನ್ನು ಹೊಸದಾಗಿ ಚಿತ್ರಿಸಿದ ವೆಸೇಲಿಯಸ್ ಕೂಡ ಮಿದುಳಿನ ಅಡಿಯಲ್ಲಿ ತೂಗುವ ಒಂದು ಸಣ್ಣ ಗ್ರಂಥಿಯನ್ನು ನೋಡಿ, ಮಿದುಳಿನ ಕಫವನ್ನು ಸೋಸಿ ಕೆಳಗೆ ಬಿಡುವ ಗ್ರಂಥಿ ಇದು ಎಂದೇ ಬರೆದ. ಲ್ಯಾಟಿನ್ ಭಾಷೆಯಲ್ಲಿ ಕಫಕ್ಕೆ ‘ಪಿಟುಯಿಟಾ’ ಎನ್ನುತ್ತಾರೆ. ಇಂದು ಜಗತ್ತೆಲ್ಲ ಕರೆಯುವ ಪಿಟ್ಯುಟರಿ ಗ್ರಂಥಿಯ ಹೆಸರು ಹುಟ್ಟಿದ್ದು ಹೀಗೆ. ನಮ್ಮ ಅಜ್ಜಿಯರ ಜೋಷಾಂದಾ ಮತ್ತು ಆಸ್ಪತ್ರೆಯ ಸ್ಕ್ಯಾನ್ ವರದಿ ಒಂದೇ ಹಳೆಯ ತಪ್ಪು ತಿಳಿವಳಿಕೆಯ ಮಕ್ಕಳು.

ಆ ತಿಳಿವಳಿಕೆ ಕುಸಿದದ್ದು 17ನೇ ಶತಮಾನದಲ್ಲಿ. ಜರ್ಮನಿಯ ಕಾನ್ರಾಡ್ ಶ್ನೈಡರ್, ಇಂಗ್ಲೆಂಡಿನ ರಿಚರ್ಡ್ ಲೋವರ್ ಇಬ್ಬರೂ ಮಿದುಳಿನಿಂದ ಮೂಗಿಗೆ ಯಾವ ಕಾಲುವೆಯೂ ಇಲ್ಲ, ಸಿಂಬಳ ಹುಟ್ಟುವುದು ಮೂಗಿನ ಪೊರೆಯಲ್ಲೇ ಎಂದು ತೋರಿಸಿದರು. ಹಾಗಾದರೆ ಈ ಗ್ರಂಥಿಯ ಕೆಲಸ ಏನು? ಇನ್ನೂರು ವರ್ಷ ಯಾರಲ್ಲೂ ಸರಿಯಾದ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಆರೋಗ್ಯವಂತರ ದೇಹದಿಂದ ಅಲ್ಲ, ಕೆಲವು ನತದೃಷ್ಟ ರೋಗಿಗಳಿಂದ.

ಮೊದಲು ಆ ಜಾಗವನ್ನು ನೋಡೋಣ. ಎರಡು ಕಣ್ಣುಗಳ ನಡುವಿನಿಂದ ನೇರ ಹಿಂದಕ್ಕೆ, ತಲೆಬುರುಡೆಯ ನೆಲದಲ್ಲಿ ಒಂದು ಸಣ್ಣ ಎಲುಬಿನ ಗುಳಿ ಇದೆ. ಮುಂದೆ ಎತ್ತರ, ಹಿಂದೆ ಎತ್ತರ, ನಡುವೆ ತಗ್ಗು. ಯುರೋಪಿನ ಅಂಗರಚನಾ ಪಂಡಿತರಿಗೆ ಅದು ತುರ್ಕರು ಕುದುರೆಗೆ ಹಾಕುವ ಜೀನಿನಂತೆ ಕಂಡಿತು. ‘ತುರ್ಕಿ ಜೀನು’ ಎಂಬ ಹೆಸರು ಈಗಲೂ ವೈದ್ಯಕೀಯದಲ್ಲಿದೆ. ಆಟೊಮನ್ ಸೈನ್ಯ ವಿಯೆನ್ನಾದ ಬಾಗಿಲಿಗೆ ಬಂದು ಹಿಂದಿರುಗಿದ ಕಾಲದ ಭಯ ಮತ್ತು ಕುತೂಹಲ ಎರಡೂ ಆ ಹೆಸರಿನಲ್ಲಿ ಇದ್ದಿರಬಹುದು ಎಂದು ನಮಗೆ ಅನ್ನಿಸುತ್ತದೆ. ಅದೇನೇ ಇರಲಿ, ಆ ಜೀನಿನ ಮೇಲೆ ಕಡಲೆಕಾಳಿನ ಗಾತ್ರದ ಸವಾರ ಕೂತಿದ್ದಾನೆ. ಅವನೇ ಪಿಟ್ಯುಟರಿ. ದೇಹ ಬೆಳೆಯುವುದು, ಹೆಣ್ಣಿಗೆ ಮುಟ್ಟು ಬರುವುದು, ಗಂಡಿಗೆ ಗಡ್ಡ ಮೀಸೆ ಮೂಡುವುದು, ತಾಯಿಗೆ ಹಾಲು ಬರುವುದು, ಜ್ವರ ಗಾಯಗಳ ಹೊಡೆತವನ್ನು ದೇಹ ತಡೆದುಕೊಳ್ಳುವುದು, ಇವೆಲ್ಲಕ್ಕೂ ಅಲ್ಲಿಂದ ಅಪ್ಪಣೆ ಹೊರಡಬೇಕು. ಅವನ ತಲೆಯ ಮೇಲೆ ಇನ್ನೂ ಒಬ್ಬ ಯಜಮಾನನಿದ್ದಾನೆ: ಹೈಪೋಥಲಾಮಸ್. ಹಸಿವು, ಬಾಯಾರಿಕೆ, ನಿದ್ದೆ ಅವನ ವಶ.

ಈ ಇಬ್ಬರ ನಡುವೆ ಎರಡು ಕಣ್ಣಿನ ನರಗಳು ಬಂದು ಕೂಡಿ, ಅಡ್ಡ ದಾಟಿ, ಮತ್ತೆ ಬೇರೆಯಾಗುತ್ತವೆ. ಇಸ್ತಾಂಬುಲಿನ ಸುಲೈಮಾನಿಯಾ ಗ್ರಂಥಾಲಯದಲ್ಲಿ ಇಬ್ನುಲ್ ಹೈಸಮ್ ಅವರ ‘ಕಿತಾಬುಲ್ ಮನಾಝಿರ್’ನ ಒಂದು ಹಸ್ತಪ್ರತಿ ಇದೆ. 1083ರಲ್ಲಿ ಅವರ ಅಳಿಯನೇ ನಕಲು ಮಾಡಿದ್ದು. ಎರಡು ಕಣ್ಣುಗಳು ಮತ್ತು ಅವುಗಳ ನರಗಳು ಕೂಡುವ ಜಾಗವನ್ನು ತೋರಿಸುವ ಚಿತ್ರಗಳಲ್ಲಿ ಇಂದಿಗೆ ಉಳಿದಿರುವ ಅತ್ಯಂತ ಹಳೆಯದು ಅದರಲ್ಲಿದೆ. ಎಲ್ಲವನ್ನೂ ನಮ್ಮವರೇ ಮೊದಲು ಕಂಡುಹಿಡಿದರು ಎಂದು ಎದೆ ತಟ್ಟಿಕೊಳ್ಳುವ ಚಪಲ ನಮ್ಮಲ್ಲಿ ಕೆಲವರಿಗಿದೆ. ಅಂಥವರು ಕಫದ ವಿಷಯದಲ್ಲಿ ನಮ್ಮವರು ಗ್ಯಾಲನ್‌ನ ಜೊತೆಗೇ ಎಡವಿದ್ದನ್ನೂ ನೆನಪಿಟ್ಟುಕೊಳ್ಳಬೇಕು. ಇಬ್ನುಲ್ ಹೈಸಮ್ ಆ ಕೂಡುವ ಜಾಗದಲ್ಲಿ ಎರಡು ಕಣ್ಣುಗಳ ನೋಟ ಒಂದಾಗುತ್ತದೆ ಎಂದು ತಿಳಿದಿದ್ದರು. ನರದ ಸುಮಾರು ಅರ್ಧ ಎಳೆಗಳು ಮಾತ್ರ ಅಲ್ಲಿ ಅಡ್ಡ ದಾಟುತ್ತವೆ, ಮಿಕ್ಕವು ತಮ್ಮ ಬದಿಯಲ್ಲೇ ಮುಂದೆ ಹೋಗುತ್ತವೆ ಎಂಬುದು ಬಹಳ ಕಾಲದ ಮೇಲೆ ತಿಳಿಯಿತು. ದಾಟುವ ಎಳೆಗಳು ಹೊರಬದಿಯ ನೋಟವನ್ನು ಹೊತ್ತು ತರುತ್ತವೆ. ಕೆಳಗಿನಿಂದ ಏನಾದರೂ ಬೆಳೆದು ಅದನ್ನು ಒತ್ತಿದರೆ ಎಡಗಣ್ಣಿನ ಎಡಬದಿ, ಬಲಗಣ್ಣಿನ ಬಲಬದಿ ಮಬ್ಬಾಗುತ್ತವೆ. ಮನುಷ್ಯ ಎದುರಿನದನ್ನು ನೋಡುತ್ತಾನೆ, ಓದುತ್ತಾನೆ, ಆದರೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾನೆ. ರಸ್ತೆ ದಾಟುವಾಗ ಪಕ್ಕದಿಂದ ಬಂದ ಸೈಕಲ್ ಕಾಣುವುದಿಲ್ಲ. ಕುದುರೆಗೆ ಕಣ್ಣಪಟ್ಟಿ ಕಟ್ಟಿದಂಥ ಸ್ಥಿತಿ.

ಪಿಟ್ಯುಟರಿಯಲ್ಲೇ ಹುಟ್ಟುವ ಗಡ್ಡೆಗಳು ಅಷ್ಟೇನೂ ಅಪರೂಪವಲ್ಲ. ಅದರ ಸುತ್ತಮುತ್ತ, ಇಷ್ಟಗಲದ ಜಾಗದಲ್ಲಿ ಹುಟ್ಟುವ ಬೇರೆ ಗಡ್ಡೆಗಳು ಅಪರೂಪ. ಅವುಗಳಲ್ಲಿ ವೈದ್ಯರನ್ನು ಹೆಚ್ಚು ಕಾಡಿದ್ದು ಕ್ರೇನಿಯೋಫ್ಯಾರಿಂಜಿಯೋಮ ಎಂಬ ಉದ್ದ ಹೆಸರಿನದು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬಂದರೆ ಹೆಚ್ಚು. 5ರಿಂದ 14 ವರ್ಷದ ಮಕ್ಕಳಲ್ಲಿ ಒಮ್ಮೆ, ಮತ್ತೆ 50 ದಾಟಿದವರಲ್ಲಿ ಒಮ್ಮೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಇದು ಕ್ಯಾನ್ಸರಿನಂತೆ ದೇಹವೆಲ್ಲ ಹರಡುವುದಿಲ್ಲ. ಆದರೆ ಅದು ಕೂತ ಜಾಗ ಎಂಥದೆಂದರೆ, ಕೆಟ್ಟ ಗಡ್ಡೆಗಿಂತ ಕೆಟ್ಟದಾಗಿ ನಡೆದುಕೊಳ್ಳಬಲ್ಲದು.

ಇದರ ಹುಟ್ಟು ಕಥೆ ಬರೆಯುವವರ ಕಲ್ಪನೆಯನ್ನೂ ಮೀರಿದ್ದು. 1838ರಲ್ಲಿ ಮಾರ್ಟಿನ್ ರಾಟ್ಕೆ ಎಂಬ ಜರ್ಮನ್ ವಿಜ್ಞಾನಿ ಭ್ರೂಣಗಳನ್ನು ಪರೀಕ್ಷಿಸುತ್ತಾ, ಬಾಯಿಯ ಮೇಲ್ಛಾವಣಿಯಿಂದ ಒಂದು ಚಿಕ್ಕ ಚೀಲ ಮೇಲೆದ್ದು ಮಿದುಳಿನ ಕಡೆಗೆ ಹೋಗುವುದನ್ನು ವಿವರಿಸಿದ. ಪಿಟ್ಯುಟರಿಯ ಮುಂಭಾಗ ಆಗುವುದು ಆ ಚೀಲದಿಂದಲೇ. ಅಂದರೆ ದೇಹವನ್ನೆಲ್ಲ ಆಳುವ ಗ್ರಂಥಿಯ ಅರ್ಧ ಭಾಗ ತಾಯಿಯ ಹೊಟ್ಟೆಯಲ್ಲಿ ಬಾಯಿಂದ ವಲಸೆ ಹೋದದ್ದು. ವಲಸೆಯ ದಾರಿಯಲ್ಲಿ ಕೆಲವು ಜೀವಕೋಶಗಳು ಹಿಂದೆ ಉಳಿದುಬಿಡುತ್ತವೆ. 1857ರಲ್ಲಿ ಝೆಂಕರ್ ಅಂಥ ಕೋಶಗಳ ಗಡ್ಡೆಯನ್ನು ಗುರುತಿಸಿದ. 1904ರಲ್ಲಿ ವಿಯೆನ್ನಾದ ಯಾಕೋಬ್ ಎರ್ಡ್‌ಹೈಮ್ ಅವುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಹಲ್ಲು ಮೂಡಿಸುವ ಅಂಗಾಂಶದ ಗಡ್ಡೆಗಳನ್ನು ಇವು ಹೋಲುತ್ತವೆ ಎಂದು ವಿವರಿಸಿದ. ಮಕ್ಕಳಲ್ಲಿ ಕಾಣುವ ಬಗೆಯಲ್ಲಿ ಸುಣ್ಣದ ಹರಳುಗಳಿರುತ್ತವೆ, ನೀರಿನ ಚೀಲಗಳಿರುತ್ತವೆ. ಆ ನೀರೋ, ಗ್ಯಾರೇಜಿನಲ್ಲಿ ಗಾಡಿಯಿಂದ ಇಳಿಸಿದ ಹಳೆಯ ಇಂಜಿನ್ ಆಯಿಲ್‌ನಂತೆ ಕಂದುಗಪ್ಪು, ಅದರೊಳಗೆ ಹೊಳೆಯುವ ಕೊಲೆಸ್ಟರಾಲ್ ಚೂರುಗಳು.

ರೋಗದ ಕುರುಹು ಮೊದಲು ಸಿಕ್ಕಿದ್ದು ಇಬ್ಬರು ಮಕ್ಕಳಲ್ಲಿ. 1900ರಲ್ಲಿ ಪ್ಯಾರಿಸ್‌ನ ಬಾಬಿನ್‌ಸ್ಕಿ ಒಬ್ಬ ಹದಿಹರೆಯದ ಹುಡುಗಿಯ ಬಗ್ಗೆ ಬರೆದರು. ಪ್ರಾಯ ಬಂದರೂ ದೇಹ ಮಗುವಿನದಾಗಿಯೇ ಉಳಿದಿತ್ತು, ಬೊಜ್ಜು ಮಾತ್ರ ಬೆಳೆಯುತ್ತಿತ್ತು. ಮರುವರ್ಷ ವಿಯೆನ್ನಾದ ಆಲ್ಫ್ರೆಡ್ ಫ್ರೋಲಿಶ್ 14 ವರ್ಷದ ಹುಡುಗನೊಬ್ಬನ ಕಥೆ ಪ್ರಕಟಿಸಿದರು. ತಲೆನೋವು, ವಾಂತಿ, ಏರುತ್ತಲೇ ಹೋದ ತೂಕ, ಬೆಳೆಯದ ಗಂಡುತನ, ಕಳೆದುಹೋಗುತ್ತಿದ್ದ ದೃಷ್ಟಿ. ಕೈಕಾಲು ಮುಖ ದಪ್ಪವಾಗುವ ಪಿಟ್ಯುಟರಿ ರೋಗವನ್ನು ಆಗಲೇ ವೈದ್ಯರು ಬಲ್ಲರು. ಇದು ಆ ರೋಗವಲ್ಲ, ಆದರೂ ಗಡ್ಡೆ ಅಲ್ಲೇ ಇದೆ ಎಂದು ಫ್ರೋಲಿಶ್ ಹೇಳಿದರು. ಸ್ಕ್ಯಾನ್ ಹುಟ್ಟುವುದಕ್ಕೆ ಎಪ್ಪತ್ತು ವರ್ಷ ಮೊದಲು, ಹುಡುಗನ ಮೈ ಮತ್ತು ಕಣ್ಣನ್ನು ನೋಡಿ ತಲೆಯೊಳಗಿನ ಜಾಗವನ್ನು ಹೇಳಿದ ಧೈರ್ಯ ಇದು.

ಅದೇ ಹುಡುಗನನ್ನು 1907ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ಐಸೆಲ್ಸ್‌ಬರ್ಗ್ ಆಪರೇಷನ್ ಮಾಡಿದರು. ದಾರಿ ಯಾವುದು? ಮೂಗು. ಕೆಲವೇ ತಿಂಗಳ ಹಿಂದೆ, 1907ರ ಮಾರ್ಚಿನಲ್ಲಿ, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಹರ್ಮನ್ ಶ್ಲೋಫರ್ ಮೊತ್ತಮೊದಲು ಈ ದಾರಿ ಹಿಡಿದಿದ್ದ. ಇಂಗ್ಲೆಂಡಿನ ವಿಕ್ಟರ್ ಹಾರ್ಸ್ಲಿ ಅದಕ್ಕೂ ಮೊದಲೇ ಬುರುಡೆ ತೆರೆದು ಮೇಲಿನಿಂದ ತಲುಪಲು ನೋಡಿದ್ದರು. ಆದರೆ ಮಿದುಳನ್ನು ಎತ್ತಿ ಹಿಡಿದರೆ ಮಿದುಳು ಸಹಿಸುವುದಿಲ್ಲ. ಶ್ಲೋಫರ್ ಮೂಗನ್ನೇ ಒಂದು ಬದಿಗೆ ಮಗುಚಿ, ಒಳಗಿನ ಎಲುಬುಗಳನ್ನು ತೆಗೆದು, ಕೆಳಗಿನಿಂದ ತುರ್ಕಿ ಜೀನಿನ ತಳವನ್ನು ಮುಟ್ಟಿದ. ಅವನ ರೋಗಿ ಎರಡೂವರೆ ತಿಂಗಳು ಬದುಕಿದ. ಸತ್ತ ಮೇಲೆ ನೋಡಿದರೆ ಗಡ್ಡೆಯ ದೊಡ್ಡ ಪಾಲು ಮೇಲೆ ಹಾಗೇ ಉಳಿದಿತ್ತು. ಫ್ರೋಲಿಶ್‌ನ ಹುಡುಗ ಮಾತ್ರ ಬದುಕಿದ, ಚೀಲದ ನೀರು ಹರಿದು ತಲೆನೋವು ಇಳಿಯಿತು. 1909ರಲ್ಲಿ ಶಿಕಾಗೋದ ಹಾಲ್‌ಸ್ಟೆಡ್ ಮೇಲ್ತುಟಿಯ ಒಳಗೆ ಕೊಯ್ದು, ಮುಖದಲ್ಲಿ ಗಾಯದ ಗುರುತಿಲ್ಲದೆ, ಇಂಥದೇ ಒಂದು ಗಡ್ಡೆಯನ್ನು ತಲುಪಿದರು. ಮರುವರ್ಷ ವಿಯೆನ್ನಾದ ಕಿವಿ-ಮೂಗಿನ ವೈದ್ಯ ಆಸ್ಕರ್ ಹಿರ್ಶ್ ಮೂಗಿನ ಹೊಳ್ಳೆಯಿಂದಲೇ ಹೋದರು. ರೋಗಿ ಎಚ್ಚರವಾಗಿಯೇ ಇದ್ದ, ಮೂಗಿಗೆ ಮರಗಟ್ಟಿಸುವ ಔಷಧಿ ಅಷ್ಟೆ.

ಮಿದುಳಿನಿಂದ ಮೂಗಿಗೆ ದಾರಿಯಿಲ್ಲ ಎಂದು 17ನೇ ಶತಮಾನ ಸಾಧಿಸಿತ್ತು. 20ನೇ ಶತಮಾನ ಆ ದಾರಿಯನ್ನು ಕೊರೆದೇ ಬಿಟ್ಟಿತು.

ಈ ದಾರಿಯ ದೊಡ್ಡ ಉಸ್ತಾದ್ ಅಮೆರಿಕದ ಹಾರ್ವೆ ಕುಶಿಂಗ್. 1910ರಿಂದ 1925ರವರೆಗೆ ಅವರು ಮೇಲ್ತುಟಿಯ ಕೆಳಗಿನಿಂದ 231 ರೋಗಿಗಳಿಗೆ ಆಪರೇಷನ್ ಮಾಡಿದರು. ಸತ್ತವರು ಶೇಕಡಾ 5.6. ಪೆನಿಸಿಲಿನ್ ಇಲ್ಲದ, ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಕೈಯಾಡಿಸಬೇಕಾಗಿದ್ದ ಕಾಲದಲ್ಲಿ ಇದು ನಂಬಲಾಗದ ಲೆಕ್ಕ. ಕುಶಿಂಗ್ ಸಿಡುಕಿನ ಮನುಷ್ಯ, ಕೈಕೆಳಗಿನವರನ್ನು ಗೋಳು ಹೊಯ್ದುಕೊಂಡವರು. ಆದರೆ ಪ್ರತಿ ರೋಗಿಯ ಚಿತ್ರ, ದೃಷ್ಟಿಯ ನಕ್ಷೆ, ತೆಗೆದ ಗಡ್ಡೆಯ ತುಣುಕು ಎಲ್ಲವನ್ನೂ ಕಾದಿಟ್ಟರು. ಆ ಸಂಗ್ರಹ ಉಳಿದದ್ದರಲ್ಲಿ ಲೂಯಿಸ್ ಐಸೆನ್‌ಹಾರ್ಟ್ ಎಂಬ ಹೆಣ್ಣುಮಗಳ ಪಾಲು ದೊಡ್ಡದು. 1915ರಲ್ಲಿ ಕುಶಿಂಗ್‌ರ ಕಾರ್ಯದರ್ಶಿಯಾಗಿ ಸೇರಿದವರು, ತಾವೇ ವೈದ್ಯಕೀಯ ಓದಿ, ಮರಳಿ ಬಂದು, ಮಿದುಳಿನ ಗಡ್ಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವ ತಜ್ಞೆಯಾದರು. ಟೈಪ್ ಮಾಡಲು ಬಂದ ಹುಡುಗಿಯ ಮಾತಿಗೆ ಆಪರೇಷನ್ ಕೋಣೆ ಕಾಯುವಂತಾಯಿತು. ಅವರ ಹೆಸರು ಕುಶಿಂಗ್‌ರ ಹೆಸರಿನಷ್ಟು ಯಾರಿಗೂ ಗೊತ್ತಿಲ್ಲ. ಗಂಡಸರ ಹೆಸರಿನಲ್ಲಿ ರೋಗಗಳಿವೆ, ಉಪಕರಣಗಳಿವೆ.

1932ರಲ್ಲಿ ಕ್ರೇನಿಯೋಫ್ಯಾರಿಂಜಿಯೋಮ ಎಂಬ ಹೆಸರನ್ನು ಚಾಲ್ತಿಗೆ ತಂದವರೂ ಕುಶಿಂಗರೇ. ಅಷ್ಟರಲ್ಲಿ ಅವರು ಮೂಗಿನ ದಾರಿಯನ್ನು ಕೈಬಿಟ್ಟಾಗಿತ್ತು. ಏಕೆ ಬಿಟ್ಟರು? ಒಂದು ಕಾರಣ ನಮ್ಮ ಈ ಅಪರೂಪದ ಗಡ್ಡೆಗಳೇ. ಅಂದಿನ ಎಕ್ಸ್-ರೇಯಲ್ಲಿ ಎಲುಬು ಕಾಣುತ್ತಿತ್ತು, ಕೆಲವೊಮ್ಮೆ ಸುಣ್ಣದ ಹರಳು ಕಾಣುತ್ತಿತ್ತು, ಗಡ್ಡೆ ಕಾಣುತ್ತಿರಲಿಲ್ಲ. ಜೀನಿನೊಳಗಿದೆ ಎಂದುಕೊಂಡು ಕೆಳಗಿನಿಂದ ಹೋದರೆ ಗಡ್ಡೆ ಮೇಲೆ, ಕಣ್ಣಿನ ನರದ ಮಗ್ಗುಲಲ್ಲಿ ಕೂತಿರುತ್ತಿತ್ತು. ಮೇಲಿನಿಂದ ಬುರುಡೆ ತೆರೆದರೆ ನರಗಳು ಕಣ್ಣೆದುರಿಗೇ ಇರುತ್ತವೆ, ಒತ್ತಡ ತೆಗೆದದ್ದು ಖಾತ್ರಿಯಾಗುತ್ತದೆ. ಬುರುಡೆ ತೆರೆಯುವ ವಿದ್ಯೆಯಲ್ಲೂ ಅಷ್ಟರಲ್ಲಿ ಅವರ ಕೈ ಪಳಗಿತ್ತು. ಉಸ್ತಾದರೇ ಬಿಟ್ಟ ಮೇಲೆ ಶಾಗಿರ್ದರು ಹಿಡಿಯುತ್ತಾರೆಯೇ? ಒಂದು ತಲೆಮಾರಿನ ಶಸ್ತ್ರವೈದ್ಯರು ಮೂಗಿನ ದಾರಿಯನ್ನು ಮರೆತರು.

ಮರೆಯದೆ ಉಳಿದವರು ಬೆರಳೆಣಿಕೆಯವರು. ಹಿರ್ಶ್ ಯಹೂದಿ. 1938ರಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ನುಗ್ಗಿದಾಗ ವಿಯೆನ್ನಾ ಬಿಟ್ಟು ಬೋಸ್ಟನ್‌ಗೆ ಹೋಗಿ ಅಲ್ಲಿ ತಮ್ಮ ಕೆಲಸ ಮುಂದುವರಿಸಿದರು. ಇನ್ನೊಬ್ಬರು ಸ್ಕಾಟ್ಲೆಂಡಿನ ಎಡಿನ್‌ಬರೋದ ನಾರ್ಮನ್ ಡಾಟ್. ಡಾಟ್ ಮೊದಲು ಇಂಜಿನಿಯರಿಂಗ್ ಕಲಿಯುತ್ತಿದ್ದ ಹುಡುಗ. ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲಿಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ವೈದ್ಯನಾಗುವ ಮನಸ್ಸಾಯಿತು. 1923ರಲ್ಲಿ ಬೋಸ್ಟನ್‌ಗೆ ಹೋಗಿ ಕುಶಿಂಗ್‌ರ ಬಳಿ ನಿಂತು ಕಲಿತರು. ಕುಶಿಂಗ್ ಬಿಟ್ಟರೂ ಇವರು ಬಿಡಲಿಲ್ಲ. ಇಂಜಿನಿಯರನ ಕೈ ಸುಮ್ಮನಿರುವುದಿಲ್ಲವಲ್ಲ, ಮೂಗಿನೊಳಗೆ ತೂರಿಸುವ ಉಪಕರಣದ ತುದಿಗೆ ದೀಪ ಕೂಡಿಸಿಕೊಂಡರು. 1956ರ ಹೊತ್ತಿಗೆ ಸಾಲಾಗಿ 80 ರೋಗಿಗಳು, ಒಂದೂ ಸಾವಿಲ್ಲ. ಆದರೆ ಇದನ್ನು ಡಂಗುರ ಹೊಡೆಯುವ ಸ್ವಭಾವ ಅವರದಲ್ಲ.

ಆ ವರ್ಷ ಪ್ಯಾರಿಸ್‌ನಿಂದ ಜೆರಾರ್ಡ್ ಗಿಯೋ ಎಡಿನ್‌ಬರೋಗೆ ಬಂದು ಡಾಟ್‌ರ ಕೈಕೆಲಸವನ್ನು ಕಣ್ಣಾರೆ ಕಂಡರು. ಮರಳಿ ಹೋಗಿ ತಾವೂ ಶುರು ಮಾಡಿದರು. ಆಪರೇಷನ್ ನಡೆಯುವಾಗಲೇ ಎಕ್ಸ್-ರೇ ಪರದೆಯಲ್ಲಿ ಉಪಕರಣದ ತುದಿ ಎಲ್ಲಿದೆ ಎಂದು ನೋಡುವ ಕ್ರಮವನ್ನು ಅದಕ್ಕೆ ಸೇರಿಸಿದರು. ಗಿಯೋ ಬಳಿಗೆ ಕೆನಡಾದ ಮಾಂಟ್ರಿಯಲ್‌ನಿಂದ ಜೂಲ್ಸ್ ಹಾರ್ಡಿ ಬಂದರು. ಊರಿಗೆ ಮರಳಿದ ಹಾರ್ಡಿ 1960ರ ದಶಕದಲ್ಲಿ ಆ ಕಿರಿದಾದ ಬಾವಿಯ ಬಾಯಿಗೆ ಮೈಕ್ರೋಸ್ಕೋಪ್ ಹಿಡಿದರು. ಅಲ್ಲಿಯವರೆಗೆ ಅಂದಾಜಿನಲ್ಲಿ ಕೆರೆಯುತ್ತಿದ್ದದ್ದು ಈಗ ಕಾಣತೊಡಗಿತು. ಹಾರ್ಡಿಯವರಿಂದ ಆ ದಾರಿ ಮತ್ತೆ ಜಗತ್ತಿನ ದಾರಿಯಾಯಿತು.

ಕುಶಿಂಗ್‌ರಿಂದ ಡಾಟ್, ಡಾಟ್‌ರಿಂದ ಗಿಯೋ, ಗಿಯೋರಿಂದ ಹಾರ್ಡಿ. ಹದೀಸ್ ಓದಿದವರಿಗೆ ಇದು ಪರಿಚಿತ ಕ್ರಮ. ಯಾರಿಂದ ಯಾರು ಕೇಳಿದರು, ಅವರು ನಿಜವಾಗಿ ಭೇಟಿಯಾಗಿದ್ದರೇ ಎಂದು ಮೊದಲು ವಿಚಾರಿಸುವ ಇಸ್ನಾದ್ ಎಂಬ ಸರಪಳಿ. ಕುಶಿಂಗ್‌ರ ವಿಧಾನ ಪುಸ್ತಕದಲ್ಲಿ ಇರಲಿಲ್ಲವೇ? ಇತ್ತು, 1912ರಲ್ಲೇ ಅವರು ಪಿಟ್ಯುಟರಿಯ ಮೇಲೆ ದೊಡ್ಡ ಗ್ರಂಥ ಬರೆದಿದ್ದರು. ಎಲ್ಲ ಗ್ರಂಥಾಲಯಗಳಲ್ಲೂ ಇದ್ದ ಆ ಪುಸ್ತಕದಿಂದ ವಿದ್ಯೆ ಮರಳಿ ಬರಲಿಲ್ಲ. ಒಬ್ಬರ ಪಕ್ಕದಲ್ಲಿ ಒಬ್ಬರು ನಿಂತು ನೋಡಿದ್ದರಿಂದ ಬಂತು. ಡಾಟ್ ಕೂಡ ಎಲ್ಲರಂತೆ ಬಿಟ್ಟಿದ್ದರೆ ಗಿಯೋ ಎಡಿನ್‌ಬರೋದಲ್ಲಿ ನೋಡಲು ಏನೂ ಇರುತ್ತಿರಲಿಲ್ಲ.

ಈ ನಡುವೆ ಇನ್ನೊಂದು ಕಡೆ ಬೇರೆಯೇ ಹೋರಾಟ ನಡೆದಿತ್ತು. ಗಡ್ಡೆಯನ್ನು ಚೆನ್ನಾಗಿ ತೆಗೆದರೂ ರೋಗಿಗಳು ಎರಡು ಮೂರು ದಿನಗಳಲ್ಲಿ ಸಾಯುತ್ತಿದ್ದರು. ಪಿಟ್ಯುಟರಿಯ ಅಪ್ಪಣೆ ನಿಂತರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಕೊಡುವುದನ್ನು ನಿಲ್ಲಿಸುತ್ತದೆ. ಅದಿಲ್ಲದ ದೇಹಕ್ಕೆ ಶಸ್ತ್ರಕ್ರಿಯೆಯ ಹೊಡೆತ ತಡೆಯುವ ತ್ರಾಣ ಇರುವುದಿಲ್ಲ. 1949ರಲ್ಲಿ ಕೀಲುರೋಗಕ್ಕೆಂದು ಪ್ರಸಿದ್ಧವಾದ ಕಾರ್ಟಿಸೋನ್ ಇಲ್ಲಿ ಜೀವ ಉಳಿಸಿತು. 1952ರಲ್ಲಿ ಬೋಸ್ಟನ್‌ನ ಇಂಗ್ರಹಾಮ್, ಮ್ಯಾಟ್ಸನ್ ಮತ್ತು ಮೆಕ್‌ಲಾರಿನ್ ಈ ಗಡ್ಡೆಯ ಆಪರೇಷನ್‌ಗೆ ಕಾರ್ಟಿಸೋನ್ ಬಳಸಿದ್ದನ್ನು ವರದಿ ಮಾಡಿದರು. ನಮ್ಮ ಮಟ್ಟಿಗೆ ಈ ಇತಿಹಾಸದ ಅತಿ ದೊಡ್ಡ ತಿರುವು ಇದೇ, ಯಾವ ಚಾಕುವೂ ಮೈಕ್ರೋಸ್ಕೋಪೂ ಅಲ್ಲ.

ಸಾವು ಹಿಮ್ಮೆಟ್ಟಿದ್ದೇ ತಡ, ಧೈರ್ಯ ಏರಿತು. ಮೊದಲ ಆಪರೇಷನ್‌ನಲ್ಲೇ ಗಡ್ಡೆಯನ್ನು ಬೇರುಸಹಿತ ಕೀಳಬೇಕು, ಉಳಿಸಿದರೆ ಮತ್ತೆ ಬರುತ್ತದೆ ಎಂಬ ಪಂಥ ಬಲವಾಯಿತು. ಮ್ಯಾಟ್ಸನ್ ಅದರ ಮುಂದಾಳು. ಮತ್ತೆ ಬರುತ್ತದೆ ಎಂಬುದು ಸುಳ್ಳಲ್ಲ. ಆದರೆ ಗಡ್ಡೆ ಹೈಪೋಥಲಾಮಸ್‌ಗೆ ಅಂಟಿಕೊಂಡಿರುತ್ತದೆ. ಎಳೆದರೆ ಅದೂ ಹರಿಯುತ್ತದೆ. ಮಕ್ಕಳು ಬದುಕಿ ಮನೆಗೆ ಬಂದರು, ಸ್ಕ್ಯಾನ್‌ಗಳು ಶುಭ್ರವಾಗಿದ್ದವು. ಆಮೇಲೆ ಆ ಹಸಿವು ಶುರುವಾಯಿತು. ಉಂಡ ತಟ್ಟೆ ತೊಳೆಯುವ ಮೊದಲೇ ಮತ್ತೆ ಹಸಿವು. ಅಡುಗೆ ಮನೆಗೆ ಬೀಗ ಹಾಕಿಡಬೇಕಾದ ಹಸಿವು. ತಿನ್ನುವುದನ್ನು ಬಿಗಿ ಮಾಡಿದರೂ ತೂಕ ಏರುತ್ತದೆ, ಏಕೆಂದರೆ ದೇಹ ಖರ್ಚು ಮಾಡುವುದನ್ನೇ ಕಡಿಮೆ ಮಾಡಿರುತ್ತದೆ. ಹಗಲು ನಿದ್ದೆ, ಮರೆವು, ಕಾರಣವಿಲ್ಲದ ಸಿಟ್ಟು. ಇಂಥ ಮಗುವನ್ನು ಹೊಟ್ಟೆಬಾಕ ಎಂದು ನೆಂಟರು ನಗುವುದು, ತಾಯಿಯನ್ನು ಮುದ್ದು ಹೆಚ್ಚಾಯಿತೆಂದು ದೂರುವುದು ಯಾವ ದೇಶದಲ್ಲೂ ತಪ್ಪಿದ್ದಲ್ಲ.

ಇದಕ್ಕೆ ಎದುರಾಗಿ 1961ರಲ್ಲಿ ಇಂಗ್ಲೆಂಡಿನ ಕ್ರಾಮರ್, ಮೆಕಿಸ್ಸಾಕ್ ಮತ್ತು ಕಾಂಕನನ್ ಇನ್ನೊಂದು ಮಾತು ಹೇಳಿದ್ದರು: ಸುಲಭವಾಗಿ ಬರುವಷ್ಟನ್ನು ತೆಗೆದು ಉಳಿದದ್ದಕ್ಕೆ ವಿಕಿರಣ ಕೊಡೋಣ. ಸ್ವೀಡನ್‌ನ ಲೆಕ್ಸೆಲ್ ಗಡ್ಡೆಯ ನೀರಿನ ಚೀಲದೊಳಗೆ ವಿಕಿರಣ ಸೂಸುವ ದ್ರವವನ್ನು ಬಿಡುವ ಪ್ರಯೋಗ ಮಾಡಿದ್ದರು. ಎರಡು ಪಂಥಗಳ ಜಗಳ ನಾಲ್ಕು ದಶಕ ನಡೆಯಿತು. ಪ್ಯಾರಿಸ್‌ನ ನೆಕ್ಕರ್ ಮಕ್ಕಳ ಆಸ್ಪತ್ರೆಯ ವೈದ್ಯರು 2007ರಲ್ಲಿ, ಗಡ್ಡೆ ಹೈಪೋಥಲಾಮಸನ್ನು ಎಷ್ಟು ಕೆಡಿಸಿದೆ ಎಂದು ಮೊದಲೇ ಸ್ಕ್ಯಾನ್‌ನಲ್ಲಿ ಅಳೆದು, ಹೆಚ್ಚು ಅಂಟಿದ್ದರೆ ಅಷ್ಟನ್ನು ಬಿಟ್ಟುಬಿಡುವ ಕ್ರಮವನ್ನು ಪ್ರಕಟಿಸಿದರು. ಜರ್ಮನಿಯಲ್ಲಿ ಹರ್ಮನ್ ಮ್ಯೂಲರ್ ಅವರ ತಂಡ ಇಂಥ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅವರ ತೂಕ, ಓದು, ಬದುಕು ಹೇಗಿದೆ ಎಂದು ದಾಖಲಿಸಿತು. ಎಷ್ಟು ತೆಗೆದೆವು ಎನ್ನುವ ಜಾಗದಲ್ಲಿ ಮಗು ಹೇಗಿದೆ ಎನ್ನುವ ಪ್ರಶ್ನೆ ಬಂದು ಕೂರಲು ಅರ್ಧ ಶತಮಾನ ಬೇಕಾಯಿತು.

ಸ್ಕ್ಯಾನ್ ಬಂದ ಕಥೆ ಎಲ್ಲರಿಗೂ ತಿಳಿದದ್ದೇ. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್‌ರ ಯಂತ್ರ ಮೊದಲ ರೋಗಿಯ ಮಿದುಳನ್ನು ತೋರಿಸಿತು, 80ರ ದಶಕದಲ್ಲಿ ಎಂಆರ್‌ಐ ಬಂತು. ಅದಕ್ಕೂ ಮುಂಚೆ ಬೆನ್ನುಹುರಿಯ ಮೂಲಕ ತಲೆಗೆ ಗಾಳಿ ತುಂಬಿಸಿ ಎಕ್ಸ್-ರೇ ತೆಗೆಯುತ್ತಿದ್ದರು. ಆ ತಲೆನೋವನ್ನು ಅನುಭವಿಸಿದವರು ಗಡ್ಡೆಯ ನೋವನ್ನೇ ಮರೆಯುತ್ತಿದ್ದರಂತೆ. ನಮ್ಮ ದೇಶದಲ್ಲಿ ನರಶಸ್ತ್ರಚಿಕಿತ್ಸೆಯ ಮೊದಲ ವಿಭಾಗ 1949ರಲ್ಲಿ ವೆಲ್ಲೂರಿನಲ್ಲಿ ಜೇಕಬ್ ಚಾಂಡಿಯವರಿಂದ ಆರಂಭವಾಯಿತು. ಅವರು ಮಾಂಟ್ರಿಯಲ್‌ನಲ್ಲಿ ಪೆನ್‌ಫೀಲ್ಡ್‌ರ ಬಳಿ ಕಲಿತವರು, ಅದಕ್ಕೂ ಮೊದಲು ಬಹರೈನಿನ ಮಿಷನ್ ಆಸ್ಪತ್ರೆಯಲ್ಲಿ ದುಡಿದವರು. ಬೆಂಗಳೂರಿನಲ್ಲಿ ಆರ್. ಎಂ. ವರ್ಮ 1958ರಲ್ಲಿ ಕೆಲಸ ಶುರು ಮಾಡಿದರು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು, ವರ್ಮ ಅದರ ಮೊದಲ ನಿರ್ದೇಶಕರು. ಬೀದರ್‌ನಿಂದ, ಕಲಬುರಗಿಯಿಂದ ರಾತ್ರಿ ಬಸ್ಸು ಹತ್ತಿ ಹೊಸೂರು ರಸ್ತೆಯ ಆ ಗೇಟಿನ ಮುಂದೆ ಬೆಳಗಿನ ಜಾವ ಇಳಿಯುವ ಕುಟುಂಬಗಳನ್ನು ಕಾಣದ ಕನ್ನಡಿಗರು ಕಡಿಮೆ.

ಆ ಗೇಟಿಗೆ ಬರುವಷ್ಟರಲ್ಲಿ ಎಷ್ಟು ತಡವಾಗಿರುತ್ತದೆ ಎಂಬುದೇ ಪ್ರಶ್ನೆ. ತಲೆನೋವಿಗೆ ಕನ್ನಡಕ ಬದಲಿಸುತ್ತೇವೆ. ಮಗು ಬೆಳೆಯದಿದ್ದರೆ ಅಪ್ಪನೂ ಗಿಡ್ಡ ಎನ್ನುತ್ತೇವೆ. ಹುಡುಗಿ ಹದಿನಾರಾದರೂ ದೊಡ್ಡವಳಾಗದಿದ್ದರೆ ಸುದ್ದಿ ಹೊರಗೆ ಹೋಗಬಾರದೆಂದು ಬಾಯಿ ಮುಚ್ಚುತ್ತೇವೆ. ಮದುವೆಯಾದವಳಿಗೆ ಮುಟ್ಟು ನಿಂತರೆ ದರ್ಗಾ, ತಾವೀಜು, ಮತ್ತೆ ಬಂಜೆತನದ ಔಷಧಿ. ರಾತ್ರಿ ನಾಲ್ಕಾರು ಸಲ ಎದ್ದು ಚೊಂಬುಗಟ್ಟಲೆ ನೀರು ಕುಡಿಯುವ ಮಗುವಿಗೆ ಸಕ್ಕರೆ ಕಾಯಿಲೆ ಇಲ್ಲವೆಂದು ತಿಳಿದ ಮೇಲೆ ಮುಂದೆ ಯಾರೂ ವಿಚಾರಿಸುವುದಿಲ್ಲ. ನಜರ್ ತಾಗಿದೆ ಎನ್ನುವವರಿಗೆ ನಾವು ಹೇಳಬೇಕಾದದ್ದು, ತಾಗಿರುವುದು ನಜರಿಗೇ. ರೋಗಿಯ ಎದುರು ಕೂತು, ಒಂದು ಕಣ್ಣು ಮುಚ್ಚಿಸಿ, ನನ್ನ ಮೂಗನ್ನೇ ನೋಡು ಎಂದು ಹೇಳಿ, ಬದಿಯಿಂದ ಬೆರಳನ್ನು ಮೆಲ್ಲಗೆ ತರುವ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ತಾಲೂಕು ಆಸ್ಪತ್ರೆಯಲ್ಲೂ ಎರಡು ನಿಮಿಷದ ಕೆಲಸ. ಬೆರಳು ಎರಡೂ ಬದಿಯಲ್ಲಿ ಕಾಣದಿದ್ದರೆ ಸ್ಕ್ಯಾನ್ ಆಗಲೇಬೇಕು.

ಸ್ಕ್ಯಾನ್‌ನಲ್ಲಿ ಗಡ್ಡೆ ಕಂಡ ಕೂಡಲೇ ಚಾಕು ಎತ್ತುವುದೂ ತಪ್ಪು. ಪ್ರೊಲ್ಯಾಕ್ಟಿನ್ ಎಂಬ ಹಾಲಿನ ಹಾರ್ಮೋನು ಬಹಳ ಏರಿದ್ದರೆ ಅದು ಸಾಮಾನ್ಯವಾಗಿ ಪಿಟ್ಯುಟರಿಯದೇ ಗಡ್ಡೆ, ಹೆಚ್ಚಿನವು ಮಾತ್ರೆಯಲ್ಲೇ ಕುಗ್ಗುತ್ತವೆ. ಜರ್ಮಿನೋಮ ಎಂಬ ಇನ್ನೊಂದು ಅಪರೂಪದ ಗಡ್ಡೆ ವಿಕಿರಣಕ್ಕೆ ಮಂಜಿನಂತೆ ಕರಗುತ್ತದೆ. ಮಿದುಳಿನ ಪೊರೆಯಿಂದ ಹುಟ್ಟುವ ಮೆನಿಂಜಿಯೋಮಕ್ಕೆ ಶಸ್ತ್ರವೇ ಬೇಕು. ನಮ್ಮ ದೇಶದಲ್ಲಿ ಒಮ್ಮೊಮ್ಮೆ ಕ್ಷಯದ ಗಂಟೇ ಗಡ್ಡೆಯ ವೇಷ ಹಾಕಿ ಅಲ್ಲಿ ಕೂತಿರುತ್ತದೆ. ಅದಕ್ಕೆ ಬೇಕಾದದ್ದು ಕ್ಷಯದ ಮಾತ್ರೆ. ಹೀಗಾಗಿ ರಕ್ತಪರೀಕ್ಷೆ ಮೊದಲು. ಕಾರ್ಟಿಸಾಲ್ ಕಡಿಮೆಯಿದ್ದರೆ ಅದನ್ನು ಮೊದಲು ತುಂಬಬೇಕು, ಥೈರಾಯ್ಡ್ ಮಾತ್ರೆ ಆಮೇಲೆ. ಈ ಕ್ರಮ ತಪ್ಪಿದರೆ ರೋಗಿ ಕುಸಿಯಬಹುದು.

ಮೂಗಿನ ದಾರಿ ಈ ಗಡ್ಡೆಗಳಿಗೆ ಪೂರ್ತಿಯಾಗಿ ತೆರೆದದ್ದು ಎಂಡೋಸ್ಕೋಪ್ ಬಂದ ಮೇಲೆ. 1997ರಲ್ಲಿ ಪಿಟ್ಸ್‌ಬರ್ಗ್‌ನ ಜೋ ಮತ್ತು ಕರಾವು 50 ರೋಗಿಗಳ ಅನುಭವ ಪ್ರಕಟಿಸಿದರು. ತುದಿಯಲ್ಲೇ ಕಣ್ಣುಳ್ಳ ಸಪೂರ ಕೊಳವೆ ಮೂಲೆಯಾಚೆಗೂ ತೋರಿಸಿತು. ಕುಶಿಂಗ್‌ರಿಗೆ ಕೆಳಗಿನಿಂದ ಕಾಣದಿದ್ದ ಜಾಗ ಈಗ ಕಂಡಿತು. ಆದರೆ ಆ ಎತ್ತರಕ್ಕೆ ಹೋಗಲು ಮಿದುಳಿನ ಪೊರೆಯನ್ನೇ ತೆರೆಯಬೇಕು, ತೆರೆದರೆ ಮಿದುಳಿನ ಸುತ್ತಲಿನ ನೀರು ಮೂಗಿನಲ್ಲಿ ತೊಟ್ಟಿಕ್ಕುತ್ತದೆ, ಸೋಂಕು ಒಳಗೆ ಹೋಗುತ್ತದೆ. ಮಿದುಳಿನಿಂದ ಮೂಗಿಗೆ ಇಳಿಯುವ ನಜ್ಲಾ ಹೀಗೆ ಕೊನೆಗೂ ನಿಜವಾಯಿತು, ಅದೂ ವೈದ್ಯರ ಕೈಯಿಂದ! ಇದಕ್ಕೆ ಮುಚ್ಚಳ ಸಿಕ್ಕಿದ್ದು 2006ರಲ್ಲಿ, ಅರ್ಜೆಂಟೀನಾದ ರೊಸಾರಿಯೊದ ಹದಾದ್ ಮತ್ತು ಬಸ್ಸಗಾಸ್ತೆಗಿ ಅವರಿಂದ. ಮೂಗಿನ ನಡುಗೋಡೆಯ ಪೊರೆಯನ್ನು ಅದರ ರಕ್ತನಾಳದ ಸಮೇತ ಬಿಡಿಸಿ, ಹೊರಳಿಸಿ, ತೂತಿಗೆ ತೇಪೆ ಹಾಕುವ ವಿಧಾನ ಅದು. ಇಂದು ಬೆಂಗಳೂರಿನಲ್ಲೂ ಹೀಗೇ ಮಾಡುತ್ತಾರೆ.

ಆಪರೇಷನ್ ಮುಗಿದ ಮೇಲಿನ ಬದುಕು ಔಷಧಿಗಳ ಲೆಕ್ಕ. ಬೆಳಿಗ್ಗೆ, ಮಧ್ಯಾಹ್ನ ಹೈಡ್ರೋಕಾರ್ಟಿಸೋನ್, ಥೈರಾಯ್ಡ್ ಮಾತ್ರೆ, ನೀರು ಸೋರದಂತೆ ಡೆಸ್ಮೋಪ್ರೆಸಿನ್, ಮಕ್ಕಳಿಗೆ ಬೆಳವಣಿಗೆಯ ಇಂಜೆಕ್ಷನ್. ಈ ಇಂಜೆಕ್ಷನ್‌ಗೆ ಒಂದು ಕರಾಳ ನೆನಪಿದೆ. 1985ರವರೆಗೆ ಅದನ್ನು ಸತ್ತವರ ಪಿಟ್ಯುಟರಿಯಿಂದ ತೆಗೆಯುತ್ತಿದ್ದರು. ಅದರಿಂದ ಕೆಲವು ಮಕ್ಕಳಿಗೆ ವರ್ಷಗಳ ನಂತರ ಮಿದುಳು ಕೊಳೆಯುವ ರೋಗ ಬಂದದ್ದು ತಿಳಿದು ನಿಲ್ಲಿಸಿದರು. ಈಗಿನದು ಪ್ರಯೋಗಾಲಯದಲ್ಲಿ ತಯಾರಾಗುವ ಔಷಧಿ. ಹೈಡ್ರೋಕಾರ್ಟಿಸೋನನ್ನು ಜ್ವರ, ವಾಂತಿ, ಅಪಘಾತದಲ್ಲಿ ಹೆಚ್ಚಿಸಬೇಕೇ ಹೊರತು ನಿಲ್ಲಿಸುವಂತಿಲ್ಲ. ರಂಜಾನ್ ಬಂದಾಗ ನಮ್ಮ ಮನೆಗಳಲ್ಲಿ ಇದು ದೊಡ್ಡ ಪೇಚಾಟ. ಮನೆಮಂದಿಯೆಲ್ಲ ಸಹರಿಗೆ ಎದ್ದಿರುವಾಗ ತಾನೊಬ್ಬಳೇ ಹಗಲು ಮಾತ್ರೆ ನುಂಗುವುದೇ ಎಂದು ಸಂಕೋಚಪಟ್ಟು ರೋಜಾ ಹಿಡಿಯುವ ಹುಡುಗಿಯರಿದ್ದಾರೆ. ರೋಗಿಗೆ ಉಪವಾಸದಿಂದ ರಿಯಾಯಿತಿ ಕೊಟ್ಟಿರುವುದು ಖುರಾನೇ. ಮಧ್ಯಾಹ್ನದ ಮಾತ್ರೆ ಮತ್ತು ನೀರು ಎರಡೂ ಇಲ್ಲದೆ ಸಂಜೆಯ ಹೊತ್ತಿಗೆ ರಕ್ತದೊತ್ತಡ ಕುಸಿದು ಪ್ರಜ್ಞೆ ತಪ್ಪುವ ಅಪಾಯ ನಿಜವಾದದ್ದು. ರಂಜಾನ್‌ಗೆ ಒಂದೆರಡು ತಿಂಗಳ ಮೊದಲೇ ಹಾರ್ಮೋನು ತಜ್ಞರನ್ನು ಕಂಡು ಕೇಳುವುದು ಒಳ್ಳೆಯದು.

ಕೊನೆಯ ಮಾತು ಈ ಗಡ್ಡೆಯ ಒಳಗನ್ನು ಕುರಿತದ್ದು. 2002ರಲ್ಲಿ ಜಪಾನಿನ ಸೆಕಿನೆ ಮತ್ತು ಸಂಗಡಿಗರು ಮಕ್ಕಳಲ್ಲಿ ಕಾಣುವ, ಹಲ್ಲಿನ ಅಂಗಾಂಶವನ್ನು ಹೋಲುವ ಬಗೆಯಲ್ಲಿ ಬೀಟಾ-ಕೆಟೆನಿನ್ ಎಂಬ ಪ್ರೋಟೀನಿನ ವಂಶವಾಹಿ ಕೆಟ್ಟಿರುವುದನ್ನು ಕಂಡರು. 2014ರಲ್ಲಿ ಅಮೆರಿಕದ ಪ್ರಿಸಿಲ್ಲಾ ಬ್ರಾಸ್ಟಿಯಾನೋಸ್ ಮತ್ತು ಸಂಗಡಿಗರು ಹೆಚ್ಚಾಗಿ ದೊಡ್ಡವರಲ್ಲೇ ಕಾಣುವ ಇನ್ನೊಂದು ಬಗೆಯ ಬಹುತೇಕ ಗಡ್ಡೆಗಳಲ್ಲಿ ಬೇರೊಂದು ವಂಶವಾಹಿಯ ಒಂದೇ ಒಂದು ಅಕ್ಷರ ತಪ್ಪಿರುವುದನ್ನು ತೋರಿಸಿದರು. ಅದೇ ತಪ್ಪಿಗೆ ಚರ್ಮದ ಕ್ಯಾನ್ಸರಿನಲ್ಲಿ ಆಗಲೇ ಮಾತ್ರೆಗಳಿದ್ದವು. ಅವರ ತಂಡ ಆ ಮಾತ್ರೆಗಳನ್ನು 16 ರೋಗಿಗಳಿಗೆ ಕೊಟ್ಟು ನೋಡಿತು. 2023ರಲ್ಲಿ ಫಲಿತಾಂಶ ಬಂತು: 15 ಜನರಲ್ಲಿ ಗಡ್ಡೆ ಕುಗ್ಗಿತು, ಗಾತ್ರದಲ್ಲಿ ಮಧ್ಯಮ ಲೆಕ್ಕದಲ್ಲಿ ಶೇಕಡಾ 91ರಷ್ಟು ಇಳಿಕೆ.  ಸುಣ್ಣದ ಹರಳು ತುಂಬಿದ ಮಕ್ಕಳ ಗಡ್ಡೆಯಲ್ಲಿ ಆ ಅಕ್ಷರ ಸರಿಯಾಗಿಯೇ ಇರುತ್ತದೆ, ಹಾಗಾಗಿ ಈ ಮಾತ್ರೆ ಅದಕ್ಕೆ ನಾಟುವುದಿಲ್ಲ. ಅಲ್ಲಿ ಈಗಲೂ ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂದು ಶಸ್ತ್ರವೈದ್ಯ ಮತ್ತು ತಂದೆತಾಯಿ ಕೂತು ಮಾತಾಡಬೇಕು.